ಪಂಖಾದ ಝಾಲರು

ಯಾರಾದರೂ ನಮ್ಮ ಮನೆಯ ಮೇಜಿನ ಮೇಲೆ ಒಂದು ಚೀಟಿ ಇಟ್ಟರೆ ಸಾಕು, ನನ್ನ ಕೈ ತಾನಾಗಿ ಹೋಗಿ ಅದರ ಮೇಲೆ ಏನಾದರೊಂದು ಭಾರ ಇಡುತ್ತದೆ. ಕನ್ನಡಕದ ಡಬ್ಬಿ, ಸಕ್ಕರೆ ಡಬ್ಬಿಯ ಮುಚ್ಚಳ, ಅದೂ ಸಿಗದಿದ್ದರೆ ಒಂದು ನಿಂಬೆಹಣ್ಣು. ಕಿಟಕಿ ಮುಚ್ಚಿರಲಿ, ಫ್ಯಾನು ನಿಂತಿರಲಿ, ಇಟ್ಟೇ ಇಡುತ್ತೇನೆ. ಸಾಲೆಯಲ್ಲಿ ಇಪ್ಪತ್ತೈದು ವರ್ಷ ಪಾಠ ಹೇಳಿದರೂ ಜೊತೆಯವರಿಗೆ ನನ್ನ ಪಾಠ ನೆನಪಿಲ್ಲ. ಹಾಜರಿ ಪುಸ್ತಕದ ಮೇಲೆ ನಾನಿಡುತ್ತಿದ್ದ ಕಲ್ಲು ನೆನಪಿದೆ. ನಮ್ಮ ಕಡೆ ಟೀಚರಿಗೆ ಬಾಯಿ ಎನ್ನುತ್ತಾರೆ; ನನ್ನನ್ನು ‘ಕಲ್ಲಿನ ಬಾಯಿ’ ಎಂದು ಬೆನ್ನ ಹಿಂದೆ ಕರೆಯುತ್ತಿದ್ದರಂತೆ. ಎದುರಿಗೆ ಕರೆಯಲಿಲ್ಲ, ಅಷ್ಟು ಮರ್ಯಾದೆ ಇಟ್ಟಿದ್ದರು.

ಹೋದ ಮೇ ತಿಂಗಳಲ್ಲಿ ತಮ್ಮನ ಮಗಳು ಸುಕನ್ಯಾ ಬೀದರಿಗೆ ಬಂದಿದ್ದಳು. ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುವ ಹುಡುಗಿ. ಬರೆದ ಹಾಳೆಗಳನ್ನೆಲ್ಲ ನಮ್ಮ ಪಡಸಾಲೆಯಲ್ಲಿ ಹರವಿಕೊಂಡು ಕೂತಳು. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಕರೆಂಟು ಹೋಯಿತು. ಬೀದರಿನಲ್ಲಿ ಇದು ಸುದ್ದಿಯಲ್ಲ. ನಾನು ಅಡುಗೆಮನೆಯಿಂದ ಅಳತೆಯ ಪಾವು, ಚಟಾಕು, ಬೆಲ್ಲದ ಉಂಡೆ ಹೀಗೆ ಸಿಕ್ಕಿದ್ದನ್ನೆಲ್ಲ ತಂದು ಹಾಳೆಗೊಂದರಂತೆ ಇಡುತ್ತಾ ಬಂದೆ.

“ಅತ್ತಿ, ಫ್ಯಾನೇ ನಿಂತದಲ್ಲರಿ. ಗಾಳಿ ಇಲ್ಲದಾಗ ಇದ್ಯಾಕರಿ?”

“ಇರಲಿ ತಗೋ.”

ಅವಳು ಸೆಖೆ ತಾಳಲಾರದೆ ರೇಡಿಯೋ ಮೇಲೆ ಹಾಸಿದ್ದ ಬಟ್ಟೆಯ ಪಟ್ಟಿಯನ್ನು ತೆಗೆದು ಮುಖಕ್ಕೆ ಬೀಸಿಕೊಂಡಳು. ನಾಲ್ಕು ಬೆರಳು ಅಗಲದ, ಉದ್ದ ಬಹಳವಿದ್ದುದರಿಂದ ಮೂರು ಮಡಿಕೆ ಹಾಕಿದ ಪಟ್ಟಿ. ಒಂದು ಕಾಲಕ್ಕೆ ಕೆಂಪು ಅಂಚಿತ್ತು. ಈಗ ಚಹಾ ಚೆಲ್ಲಿದ ಬಣ್ಣ.

“ಇದೇನ್ರಿ ಅತ್ತಿ? ಸೀರಿ ತುಂಡ ಅಲ್ಲ, ಪರದೆ ತುಂಡ ಅಲ್ಲ.”

“ಅದು ಪಂಖಾದ ಝಾಲರು. ನಿಮ್ಮ ಮುತ್ಯಾನ ನೌಕರಿ ಅದರ ಮ್ಯಾಲೇ ನಿಂತಿತ್ತು. ಮದಲ ನಿನ್ನ ಹಾಳ್ಯಾಗ ಏನದ ಹೇಳು, ಆಮ್ಯಾಲ ಹೇಳ್ತೇನಿ.”

ಅವಳು ಹೇಳಿದಳು. ನಾನು ನಾಲ್ಕನೇ ಇಯತ್ತೆಯವರೆಗೆ ವಿಜ್ಞಾನ ಕಲಿಸಿದವಳು. ನೀರಿಗೆ ಮೂರು ರೂಪ ಎನ್ನುವಲ್ಲಿಗೆ ನನ್ನ ಭಂಡಾರ ಮುಗಿಯುತ್ತದೆ. ಆದರೂ ತಿಳಿದಷ್ಟು ನಿಮಗೂ ಹೇಳುತ್ತೇನೆ. ಒಂದು ಅಣು ಇದೆ ಎನ್ನಿ. ಅದಕ್ಕೆ ಕೆಳಗೊಂದು ಮೇಲೊಂದು, ಎರಡೇ ಮೆಟ್ಟಿಲು. ಅದರ ಮೇಲೆ ಒಂದೇ ತಾಳದ ಬೆಳಕು ಬಿಟ್ಟು ನೂಕುತ್ತಾ ಇದ್ದರೆ ಅದು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಮತ್ತೆ ಹೋಗುತ್ತದೆ. ಅಣು ಒಂಟಿಯಾಗಿದ್ದರೆ ಈ ಆಟಕ್ಕೆ ಕೊನೆ ಇಲ್ಲ. ಆದರೆ ಯಾವ ಅಣುವೂ ಒಂಟಿಯಲ್ಲ. ಸುತ್ತಲಿನ ಜಗತ್ತು ಅದಕ್ಕೆ ತಾಗಿಕೊಂಡೇ ಇರುತ್ತದೆ. ಅದರ ಶಕ್ತಿ ಸುತ್ತಲಿಗೆ ಸೋರುತ್ತಾ ಇರುತ್ತದೆ. ಒಂದು ಕಡೆಯಿಂದ ನೂಕುವುದು, ಇನ್ನೊಂದು ಕಡೆಯಿಂದ ಸೋರುವುದು. ಈ ಎರಡರ ನಡುವೆ ಅಣುವಿನ ನಡಿಗೆ ಹೇಗೆ ರೂಪುಗೊಳ್ಳುತ್ತದೆ ಎನ್ನುವುದೇ ಅವಳ ಹಾಳೆಗಳ ತುಂಬ.

“ಸೋರೋದು ಅಂದ್ರ ನಷ್ಟ ಅಲ್ಲೇನವಾ?” ಎಂದೆ. “ನಲ್ಲಿ ಸೋರಿದ್ರ ವಾಸರ್ ಹಾಕಸ್ತೇವಿ. ನೀ ಸೋರೋದರ ಮ್ಯಾಲೆ ಇಷ್ಟ ವರ್ಷ ಓದ್ತಿಯಾ?”

“ಎಲ್ಲಾರೂ ಹಿಂಗೇ ಅಂತಾರ್ರಿ ಅತ್ತಿ,” ಎಂದು ಅವಳು ಬೇಸರದಿಂದ ಝಾಲರು ಬೀಸಿಕೊಂಡಳು. ಆ ಬೀಸಿನ ಗಾಳಿ ನನ್ನ ಮುಖಕ್ಕೂ ಬಂತು. ಆಗ ನನಗೆ ಭಾಲ್ಕಿಯ ಕಚೇರಿ ನೆನಪಾಯಿತು.

ನಮ್ಮ ಅಪ್ಪ, ಸುಕನ್ಯಾಳ ಮುತ್ಯಾ, ಶಾಂತಪ್ಪ ಭಾಲ್ಕಿಯ ತಹಸೀಲು ಕಚೇರಿಯಲ್ಲಿ ಪಂಖಾ ಎಳೆಯುತ್ತಿದ್ದರು. ಪಂಖಾ ಎಂದರೆ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಸಾಹೇಬರ ಮೇಜಿನ ಮೇಲೆ, ಛತ್ತಿನಿಂದ ಹಗ್ಗದಲ್ಲಿ ತೂಗಿಬಿಟ್ಟ ಉದ್ದನೆಯ ಕಟ್ಟಿಗೆಯ ಹಲಗೆ. ಅದರ ಕೆಳ ಅಂಚಿಗೆ ಮೊಳದಷ್ಟು ಇಳಿಬಿದ್ದ ನೆರಿಗೆ ಬಟ್ಟೆ. ಅದೇ ಝಾಲರು. ಹಲಗೆಗೆ ಕಟ್ಟಿದ ಹಗ್ಗ ಗೋಡೆಯ ತೂತಿನಲ್ಲಿ ಗಾಲಿಯ ಮೇಲೆ ಹಾದು ಹೊರಗೆ ವರಾಂಡಕ್ಕೆ ಬರುತ್ತಿತ್ತು. ಅಪ್ಪ ಅಲ್ಲಿ ಗೋಡೆಗೆ ಒರಗಿ ಕೂತು ಎಳೆಯುತ್ತಿದ್ದರು. ವಿಚಿತ್ರವೆಂದರೆ ಎಳೆಯುವವನಿಗೆ ಪಂಖಾ ಕಾಣುವುದಿಲ್ಲ. ಒಳಗೆ ಗಾಳಿ ಬೀಸುತ್ತಿದೆಯೋ ಇಲ್ಲವೋ ಅವರು ನೋಡಿದವರಲ್ಲ. “ಹಗ್ಗ ಹೇಳತದ,” ಎನ್ನುತ್ತಿದ್ದರು. ಹಗ್ಗ ತಿರುಗಿ ಎಷ್ಟು ಜಗ್ಗುತ್ತದೆ ಎನ್ನುವುದರ ಮೇಲೇ ಒಳಗಿನ ಸುದ್ದಿ.

ದಿನಾ ಸಾಲೆ ಮುಗಿದ ಮೇಲೆ ನಾನು ಆ ವರಾಂಡಕ್ಕೇ ಹೋಗುತ್ತಿದ್ದೆ. ನನಗೂ ಅಲ್ಲೊಂದು ಕೆಲಸವಿತ್ತು. ನಮ್ಮ ಕಡೆ ಹೈದರಾಬಾದಿನಿಂದ ಬಿಡಿಸಿ ಮೈಸೂರು ರಾಜ್ಯಕ್ಕೆ ಸೇರಿಸಿದ ಹೊಸದು. ಕಚೇರಿಯ ಬೋರ್ಡಿಗೆ ಕನ್ನಡ ಬರೆಸಿದ್ದರು. ಕೆಳಗಿನ ಉರ್ದು ಅಕ್ಷರ ಬಣ್ಣದೊಳಗಿಂದ ಇಣುಕುತ್ತಿತ್ತು. ಒಳಗಿನ ಮುನ್ಶಿ ಖಾದರ್ ಸಾಬರು ಹಾಗೆಯೇ. ಇಡೀ ಜನ್ಮ ಉರ್ದುವಿನಲ್ಲಿ ದಫ್ತರ ಬರೆದವರು ಐವತ್ತರ ವಯಸ್ಸಿನಲ್ಲಿ ನನ್ನ ಪಾಟಿ ಇಸಕೊಂಡು ಅ ಆ ತಿದ್ದುತ್ತಿದ್ದರು. “ಬೇಟಿ, ನಿಮ್ಮ ಈ ‘ಋ’ ನೋಡಿದ್ರ ತಲಿ ತಿರಗತದ. ಇದಿಲ್ದ ಕಚೇರಿ ನಡೆಯಂಗಿಲ್ಲೇನು?” ಎಂದು ಕೇಳುತ್ತಿದ್ದರು. ನಾನು ಒಂಬತ್ತು ವರ್ಷದ ಗುರು. ನಡೆಯುವುದಿಲ್ಲ ಎಂದು ಖಂಡಿತವಾಗಿ ಹೇಳುತ್ತಿದ್ದೆ.

ಆ ವರ್ಷ ನಮ್ಮ ಮನೆಗೆ ಬಂದ ಕಾರ್ಡುಗಳಲ್ಲಿ ಕೆಲವುಗಳ ಮೇಲೆ ಹೈದರಾಬಾದ್ ರಾಜ್ಯ, ಕೆಲವುಗಳ ಮೇಲೆ ಮೈಸೂರು ರಾಜ್ಯ; ಸಂತಪುರದ ಸೋದರಮಾವ ಸಂಶಯ ಬ್ಯಾಡ ಎಂದು ಎರಡೂ ಬರೆದಿದ್ದ. ಇದನ್ನು ಸುಕನ್ಯಾಗೆ ಹೇಳಿದಾಗ ಅವಳು ಎದ್ದು ಕೂತಳು. ಅಣುವೂ ಹೀಗೇ ಮೇಲಿನ ಮೆಟ್ಟಿಲು ಕೆಳಗಿನ ಮೆಟ್ಟಿಲು ಎರಡರಲ್ಲೂ ಒಟ್ಟಿಗೆ ಇರಬಲ್ಲದಂತೆ. ಸುತ್ತಲಿನ ಜಗತ್ತು ತಾಗಿ ತಾಗಿ ಮೊದಲು ಅಳಿಸುವುದು ಈ ಎರಡೂ-ಆಗಿರುವಿಕೆಯನ್ನೇ ಅಂತೆ.

“ಹಂಗಾರ ಪೋಸ್ಟಿನ ಠಸ್ಸೆ ಬಿದ್ದು ಒಂದೇ ರಾಜ್ಯ ಉಳದಂಗ,” ಎಂದೆ.

“ಪೂರ್ತಿ ಹಂಗಲ್ರಿ. ನಿಮ್ಮ ಕಾರ್ಡ ಮದಲಿಂದ ಭಾಲ್ಕಿಗೇ ಬರೋದಿತ್ತು, ಬರದಾಂವಗ ಗೊತ್ತಿರಲಿಲ್ಲ ಅಷ್ಟೇ. ಅಣು ಖರೇನೇ ಎರಡೂ ಇರ್ತದ.”

ಠಸ್ಸೆಯನ್ನು ಅಲ್ಲಿಗೇ ಬಿಟ್ಟೆ. ಹೋಲಿಕೆ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಅದರ ಜೊತೆ ನಡೆಯಬೇಕು. ಮುಂದೆ ಅದನ್ನು ಎಳೆಯಬಾರದು. ಎಳೆಯುವ ಕೆಲಸದ ಮನೆಯಲ್ಲಿ ಹುಟ್ಟಿದವಳಿಗೆ ಇಷ್ಟಾದರೂ ಗೊತ್ತಿರಬೇಕು.

ಹೊಸ ರಾಜ್ಯದೊಂದಿಗೆ ಹೊಸ ಸಾಹೇಬರು ಬಂದರು, ಮೈಸೂರು ಕಡೆಯವರು. ಕರೀ ಕೋಟು, ಮೆತ್ತನೆಯ ಮಾತು. ಚಳಿಗಾಲದಲ್ಲಿ ಬಂದದ್ದರಿಂದ ಛತ್ತಿನಿಂದ ತೂಗುವ ಹಲಗೆ ಅವರಿಗೆ ಅಡ್ಡ ಕಂಡಿತು. ಬೀದರಿನಿಂದ ಒಂದು ಕಾಗದ ಬಂದಿತ್ತು: ಯಾವ ಕಚೇರಿಯಲ್ಲಿ ಯಾರಿದ್ದಾರೆ, ಯಾವ ಕೆಲಸ ಮಾಡುತ್ತಾರೆ, ಆ ಕೆಲಸ ಬೇಕೋ ಬೇಡವೋ, ಪಟ್ಟಿ ಕಳಿಸಬೇಕು. ಮುನ್ಶಿ ಸಾಬರು ಹೊಸದಾಗಿ ಕಲಿತ ಅಕ್ಷರದಲ್ಲಿ ಅಪ್ಪನ ಹೆಸರಿನ ಮುಂದೆ ಒಂದೇ ಮಾತು ಬರೆದರು, ಪಂಖಾ. ಅದರ ಮುಂದೆ ಬೇಕೋ ಬೇಡವೋ ಎಂದು ಬರೆಯುವ ಮನೆ ಖಾಲಿ. ಸಾಹೇಬರು ಅದನ್ನು ನೋಡಿ, “ಬೇಸಿಗೆ ಬರಲಿ, ಉಪಯೋಗ ಏನು ಅಂತ ನೋಡಿ ಬರೀತೀನಿ,” ಎಂದರಂತೆ. ಅನ್ಯಾಯದ ಮಾತಲ್ಲ. ಆದರೆ ಆ ಖಾಲಿ ಮನೆ ನಮ್ಮ ಮನೆಯೊಳಗೆ ಬಂದು ಕೂತುಬಿಟ್ಟಿತು. ನೌಕರಿ ಹೋದರೆ ಔರಾದ ಕಡೆ ಸಂತಪುರಕ್ಕೆ, ಸೋದರಮಾವನ ಹೊಲದ ಕೆಲಸಕ್ಕೆ ಹೋಗಬೇಕು. ನನ್ನ ಸಾಲೆ ಅಲ್ಲಿಗೆ ಮುಗಿದಂತೆ. ಈ ಮಾತನ್ನು ಅವ್ವ ರೊಟ್ಟಿ ಬಡಿಯುತ್ತಾ, ನನ್ನ ಕಡೆ ನೋಡದೆ, ಒಮ್ಮೆ ಮಾತ್ರ ಹೇಳಿದ್ದಳು.

ಇಷ್ಟರಲ್ಲಿ ಅಪ್ಪನ ಬಲ ಭುಜ ಹಿಡಿದುಕೊಂಡಿತ್ತು. ದಿನಾ ಸಂಜೆ ಅವ್ವ ಉಪ್ಪಿನ ಗಂಟು ಕಾಯಿಸಿ ಕಾವು ಕೊಡುತ್ತಿದ್ದಳು. “ಈ ಭುಜ ತಗೊಂಡು ಬ್ಯಾಸಗಿ ಹ್ಯಾಂಗ ದಾಟಸ್ತಿರಿ? ಸಾಹೇಬರ ಮುಂದ ಕೈ ನಿಂತ್ರ ಮುಗೀತು.” ಅಪ್ಪ ಭುಜವನ್ನು ಗಂಟಿನ ಕಡೆ ಇನ್ನಷ್ಟು ಒಡ್ಡುತ್ತಿದ್ದರು. ಅವರು ಮಾತಿನವರಲ್ಲ. ನಾವು ಕ್ರೈಸ್ತರು, ಪ್ರಾರ್ಥನೆಯ ಕೊನೆಗೆ ಆಮೆನ್ ಎನ್ನುವುದೇ ಅವರ ದೊಡ್ಡ ಮಾತು.

ಆ ಕಚೇರಿಯಲ್ಲಿ ಒಂದು ರೂಢಿ ಇತ್ತು. ಹೋಳಿ ಮುಗಿದ ಮೇಲೆ ಝಾಲರನ್ನು ಬಿಚ್ಚಿ ನಮ್ಮ ಮನೆಗೆ ಕಳಿಸುತ್ತಿದ್ದರು. ಅವ್ವ ಅದನ್ನು ಒಗೆದು, ಗಂಜಿ ಹಾಕಿ, ನೆರಿಗೆ ಹಿಡಿದು ಒಣಗಿಸುತ್ತಿದ್ದಳು. ಬಿಸಿಲು ಬಲಿಯುವ ಮೊದಲು ತಿರುಗಿ ಹೊಲಿಯುವುದು. ಆ ವರ್ಷ ಅವ್ವ ಒಣಗಿದ ಝಾಲರನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದಳು.

“ಇದರ ಕೆಲಸಾರೆ ಏನ್ರಿ? ಬರೇ ಅಂದಕ್ಕ. ಗಾಳಿ ಬೀಸೋದು ಹಲಗಿ. ಇದು ಸುಮ್ಮ ಜೋತಾಡತದ, ನಿಮ್ಮ ಭುಜಾ ತಿಂತದ. ಈ ವರ್ಷ ಬ್ಯಾಡ.”

“ಕಚೇರಿ ವಸ್ತು ಅದ.”

“ಹರದದ, ಹೊಲ್ಯಾಕ ಇಟ್ಟಾಳ ಅನ್ರಿ.”

“ಸುಳ್ಳ ಹ್ಯಾಂಗ ಹೇಳ್ಲಿ?”

ಅವ್ವ ಕತ್ತರಿ ತಂದು ಝಾಲರಿನ ಕೆಳ ಅಂಚನ್ನು ಈ ತುದಿಯಿಂದ ಆ ತುದಿಗೆ ನಾಲ್ಕು ಬೆರಳು ಕತ್ತರಿಸಿ ಹಾಕಿದಳು. “ಈಗ ಹರದದ. ಈಗ ಖರೇ ಆತು. ಹೋಗಿ ಹೇಳ್ರಿ.” ರವಿವಾರ ತಪ್ಪದೆ ಗುಡಿಗೆ ಹೋಗುವವಳು; ನಾವು ಚರ್ಚಿಗೆ ಗುಡಿ ಎಂದೇ ಅನ್ನುವುದು. ಸುಳ್ಳು ಹೇಳಿಸುವವಳಲ್ಲ. ಹಾಗೆ ಹೊರಬಿದ್ದದ್ದು ನಮ್ಮ ರೇಡಿಯೋ ಮೇಲಿನ ಪಟ್ಟಿ. ಅಷ್ಟಕ್ಕೇ ಬಿಡದೆ ಒಂದು ಬಟ್ಟಲು ಔಡಲ ಎಣ್ಣೆ ಕೊಟ್ಟು, ಗಾಲಿಗೆ ಬಿಡಿರಿ, ಜಾರಿ ಬರಲಿ ಎಂದು ಕಳಿಸಿದಳು. ಹರಿದಿದೆ ಎಂದು ಅಪ್ಪ ಕಚೇರಿಯಲ್ಲಿ ಹೇಳಿದರು.

ಇದರ ಹಿಂದಿನ ಬೇಸಿಗೆಯಲ್ಲಿ ಇನ್ನೊಂದು ಜಾಣತನ ನಡೆದಿತ್ತು; ಮರೆಯುವ ಮೊದಲು ಹೇಳಿಬಿಡುತ್ತೇನೆ. ಆಗಿನ ಸಾಹೇಬರು ತಂಪು ಹವಾ ಬೇಕೆಂದು ಝಾಲರಿಗೆ ಕೊಡಗಟ್ಟಲೆ ನೀರು ಹೊಯ್ಯಿಸಿದ್ದರು. ನೀರು ಕುಡಿದ ಬಟ್ಟೆ ಹಲಗೆಯನ್ನು ಹಿಡಿದು ನಿಲ್ಲಿಸಿಬಿಟ್ಟಿತು. ಅಪ್ಪ ಎಷ್ಟು ಜಗ್ಗಿದರೂ ಒಂದು ಬೆರಳು ಆಚೆ, ಒಂದು ಬೆರಳು ಈಚೆ. ದಫ್ತರದ ಮೇಲೆ ನೀರು ತೊಟ್ಟಿಕ್ಕಿ ಶಾಯಿ ಹರಿಯಿತು. ಇದನ್ನು ಕೇಳಿ ಸುಕನ್ಯಾ, “ಸೋರಿಕಿ ಅತೀ ಆದ್ರ ಅಣುನೂ ಹಿಂಗೇ ಇದ್ದಲ್ಲೇ ಹೆಪ್ಪುಗಟ್ಟತದರಿ, ಎಷ್ಟು ನೂಕಿದ್ರೂ ಮೆಟ್ಟಲ ಬಿಡಂಗಿಲ್ಲ,” ಎಂದು ತನ್ನ ಹಾಳೆಯೊಂದರಲ್ಲಿ ನೆಲಕ್ಕೆ ಅಂಟಿ ಓಡುವ ಗೆರೆ ತೋರಿಸಿದಳು. ಒದ್ದೆ ಝಾಲರಿಗೂ ಒಂದು ಗೆರೆ ಇದೆ ಎಂದು ತಿಳಿದದ್ದು ಅವತ್ತೇ.

ಒಣ ಮಾತಿಗೆ ಬರೋಣ. ಝಾಲರಿಲ್ಲದ ಪಂಖಾದ ಮೊದಲ ದಿನ. ಬೇಸಿಗೆಯ ಬೆಳಗಿನ ಸಾಲೆ ಮುಗಿಸಿ ನಾನೂ ವರಾಂಡದಲ್ಲಿದ್ದೆ. ಬಿಸಿಲು ಬಿದ್ದಿತ್ತು, ಸಾಹೇಬರು ಕೋಟಿನ ಮೇಲಿನ ಗುಂಡಿ ಬಿಚ್ಚಿ ಕೂತಿದ್ದರು. ಅಪ್ಪ ಹಗ್ಗ ಹಿಡಿದರು. ಮೊದಲ ಎಳೆತ ಹೂವಿನಂತೆ ಬಂತು. ನನ್ನ ಕಡೆ ತಿರುಗಿ ನಕ್ಕರು. ಅಪ್ಪ ನಕ್ಕಿದ್ದನ್ನು ನಾನು ಎಣಿಸಿಡಬಹುದಿತ್ತು, ಅಷ್ಟು ಕಡಿಮೆ. ಹತ್ತು ಎಳೆತ ಆಗುವಷ್ಟರಲ್ಲಿ ನಗು ಹೋಯಿತು. ತಡೆಯುವ ಬಟ್ಟೆ ಇಲ್ಲದ ಹಲಗೆ ತನ್ನದೇ ತಾಳ ಹಿಡಿದಿತ್ತು. ಅಪ್ಪನ ತಾಳ ಒಂದು, ಅದರದ್ದು ಇನ್ನೊಂದು. ಸ್ವಲ್ಪ ಹೊತ್ತು ಎರಡೂ ಕೂಡಿ ಬಂದು ಪಂಖಾ ಗೋಡೆ ಮುಟ್ಟುವಷ್ಟು ತೂಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅಡ್ಡ ಬಿದ್ದು, ಅಪ್ಪ ಎಳೆಯುವಾಗ ಅದು ಆಚೆ ಓಡಿ, ಹಗ್ಗ ಅಪ್ಪನನ್ನೇ ಗೋಡೆಯ ಕಡೆ ಎಳೆಯುತ್ತಿತ್ತು. ಅವರ ಭುಜ ಧಡಕ್ಕನೆ ಮುಂದೆ ಹೋಗುವುದು ನನಗೆ ಕಾಣುತ್ತಿತ್ತು. ಹಲ್ಲು ಕಚ್ಚಿಕೊಂಡರು.

ಒಳಗೆ ಇನ್ನೂ ಚಂದ. ಇಷ್ಟೆಲ್ಲ ತೂಗಿದರೂ ಗಾಳಿ ಇಲ್ಲ. ಹಲಗೆ ಗಾಳಿಯನ್ನು ಸೀಳಿಕೊಂಡು ಹೋಗುತ್ತಿತ್ತೇ ಹೊರತು ತಳ್ಳುತ್ತಿರಲಿಲ್ಲ. ಮುನ್ಶಿ ಸಾಬರು ಕಾಗದದ ಮೇಲಿನ ಕಲ್ಲುಗಳನ್ನೆಲ್ಲ ತೆಗೆದು ಕಿಟಕಿಯಲ್ಲಿಟ್ಟರು. ಒಂದು ಕಾಗದವೂ ಅಲುಗದಿದ್ದಾಗ ಕಲ್ಲು ಯಾಕೆ?

“ಏನ್ ಮುನ್ಶಿಗಳೇ ಇದು, ಆಡ್ತಾನೇ ಇದೆ, ಗಾಳೀನೇ ಬರ್ತಿಲ್ವಲ್ಲ?” ಎಂದು ಸಾಹೇಬರು ಕತ್ತು ಒರೆಸಿಕೊಂಡರು. ಅದೇ ಹೊತ್ತಿಗೆ ಎರಡು ತಾಳ ಕೂಡಿತೆಂದು ಕಾಣುತ್ತದೆ. ಹಲಗೆ ಜೋರಾಗಿ ಬಂದು ತೂಗುದೀಪಕ್ಕೆ ಬಡಿಯಿತು. ಅದರ ಚಿಮಣಿ ಗಾಜು ಒಡೆದು ಸಾಹೇಬರ ಮೇಜಿನ ಮೇಲೆ ಬಿತ್ತು. ಅವರು ಕೂಗಾಡಲಿಲ್ಲ. ಬೀದರಿನವರು ಕೇಳಿದ್ದ ಪಟ್ಟಿ ತರಿಸಿದರು. “ಸಂಜೆ ಬೀದರ್ ಬಸ್ಸಿಗೆ ಇದು ಹೋಗ್ಬೇಕು. ಊಟ ಮಾಡ್ಕೊಂಡು ಬಂದು ಬರೀತೀನಿ,” ಎಂದು ಎದ್ದು ಹೋದರು.

ಮುನ್ಶಿ ಸಾಬರು ವರಾಂಡಕ್ಕೆ ಬಂದರು.

“ಶಾಂತಪ್ಪ, ಝಾಲರ ಎಲ್ಲಿ?”

“ಮನ್ಯಾಗ ಅದರಿ.”

“ಮನ್ಯಾಗ ಯಾರಿಗಿ ಹವಾ ಹಾಕ್ಲತದ ಅದು? ಅರೆ ಭಾಯಿ, ಸಾಹೇಬರು ಬರೂದರಾಗ ಹಚ್ಚು. ಇಲ್ಲಂದ್ರ ಆ ಖಾಲಿ ಜಾಗಾದಾಗ ಏನ್ ಬೀಳ್ತದ ನಿನಗ ಗೊತ್ತದ, ನನಗ ಗೊತ್ತದ.”

ನಾನು ಓಡಿದೆ. ಅವ್ವ ಕೈಯ ಹಿಟ್ಟು ತೊಳೆಯದೇ ಝಾಲರು, ದಬ್ಬಣ, ದಾರ ತೆಗೆದುಕೊಂಡು ಬಂದಳು. ಆ ಕಚೇರಿಯ ಒಳಗೆ ಕಾಲಿಟ್ಟ ಮೊದಲ ಹೆಂಗಸು ಅವಳೇ ಇರಬೇಕು. ಕಾಲಿಟ್ಟದ್ದು ಮಾತ್ರ ನೇರ ಸಾಹೇಬರ ಮೇಜಿನ ಮೇಲೆ. ಅಪ್ಪ ಹಲಗೆ ಹಿಡಿದು ನಿಂತರು, ಅವ್ವ ಹೊಲಿದಳು. ಕೊನೆಯ ಎರಡು ಮೊಳ ಉಳಿದಿರುವಾಗ ಸಾಹೇಬರು ಬಾಗಿಲಲ್ಲಿ ನಿಂತಿದ್ದರು.

“ಯಾರಮ್ಮ ನೀವು?”

ಅವ್ವನ ಹಲ್ಲಿನಲ್ಲಿ ದಾರ. ಕಡಿದು ಹೇಳಿದಳು: “ಝಾಲರಿನಾಕಿ ಇದ್ದೇನ್ರಿ.”

“ಇದು ಹರಿದಿತ್ತಂತೆ?”

“ಹೌದ್ರಿ. ನಾನೇ ಹರದೇನ್ರಿ.”

ಅಪ್ಪ ಕಣ್ಣು ಮುಚ್ಚಿಕೊಂಡರು.

“ಇವರ ಭುಜ ನೋಯ್ಲತದರಿ ಸಾಹೇಬರ. ಭಾರ ಕಮ್ಮಿ ಆದ್ರ ಆರಾಮ ಆಗ್ತದ ಅಂತ ಮಾಡಿದೇನ್ರಿ. ತಪ್ಪ ನಂದರಿ.”

“ಈಗ ತಿರುಗಿ ಹಾಕಿದ್ರೆ ಮತ್ತೆ ಭಾರ ಆಗಲ್ವಾ?”

“ಆಗ್ತದರಿ. ಆದ್ರ ಈ ಭಾರ ಹೇಳಿದ್ದ ಕೇಳ್ತದರಿ. ಬರೇ ಹಲಗಿ ಕೇಳ್ಲಿಲ್ಲ.”

ಅವ್ವ ಉಳಿದದ್ದನ್ನೂ ಹೊಲಿದು, ಇಳಿದು, ಸೆರಗಿನಿಂದ ಮೇಜು ಒರೆಸಿ ಹೊರಗೆ ಬಂದಳು. ಸಾಹೇಬರು ಕೂತು ಪಟ್ಟಿ ಬಿಡಿಸಿ, ಪೆನ್ನು ಶಾಯಿಯಲ್ಲಿ ಅದ್ದಿದರು. ಅಪ್ಪ ಹಗ್ಗ ಹಿಡಿದರು. ಮೊದಲ ಎಳೆತ ವಾರೆಯಾಗಿ ಹೋಯಿತು, ಎರಡನೆಯದು ತಡವಾಯಿತು. ಐದಾರು ಎಳೆತ ಆಗುವಷ್ಟರಲ್ಲಿ ಆ ತಪ್ಪಿದ ಶುರುವಿನ ಗುರುತೂ ಉಳಿಯಲಿಲ್ಲ. ಪಂಖಾ ಅಪ್ಪನ ತಾಳಕ್ಕೆ ಬಂದು ನಿಂತಿತು.

ಸುಕನ್ಯಾ ನನ್ನನ್ನು ಇಲ್ಲಿ ತಡೆದಳು. “ಅತ್ತಿ, ಇದೇರಿ! ಹ್ಯಾಂಗ ಶುರು ಮಾಡಿದ್ರೂ ಸೋರಿಕಿ ಆ ಶುರುವಾತನ್ನ ಅಳಿಸಿಬಿಡ್ತದ. ಕಡೀಕ ನೂಕೋದು, ಸೋರೋದು ಎರಡೇ ಉಳೀತಾವ. ಅಣುದ್ದೂ ಅಷ್ಟೇ. ಮತ್ತ ಅಣು ಏನ್ ಮಾಡ್ಲಿಕತ್ತದ ಅಂತ ನಮಗ ಹ್ಯಾಂಗ ಗೊತ್ತಾಗ್ತದ ಹೇಳ್ರಿ? ಅದರಿಂದ ಸೋರಿದ ಬೆಳಕ ಅದಲ್ಲ, ಅದನ್ನೇ ನಾವು ಹಿಡದು ನೋಡೋದು. ಸೋರದೇ ಇರೋ ಅಣು ಇದ್ರೂ ಇಲ್ದಂಗ.”

ಸಾಹೇಬರ ಮೇಜಿನ ಮೇಲೆ ಅವತ್ತು ಸೋರಿದ್ದು ಅಪ್ಪನ ಭುಜದ ಶಕ್ತಿ. ಸೋರಿದ ಆ ಶಕ್ತಿಗೇ ಗಾಳಿ ಎಂದು ಹೆಸರು. ಇದು ಈಗ ಬರೆಯುವಾಗ ಹೊಳೆಯುತ್ತಿರುವುದು, ಅವತ್ತು ಹೊಳೆದದ್ದಲ್ಲ. ಅವತ್ತು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ, ಅಷ್ಟೇ. ಮೊದಲು ಸಾಹೇಬರ ಹಣೆಯ ಮೇಲಿನ ನಾಲ್ಕು ಕೂದಲು ಎದ್ದವು. ಆಮೇಲೆ ಮುನ್ಶಿ ಸಾಬರ ಮೇಜಿನ ಒಂದು ಕಾಗದ ಮಗುಚಿತು. ಆಮೇಲೆ ಎಲ್ಲವೂ. ಕಲ್ಲುಗಳು ಕಿಟಕಿಯಲ್ಲೇ ಇದ್ದವಲ್ಲ. ಅರ್ಜಿ, ನಕಲು, ಉರ್ದುವಿನವು, ಕನ್ನಡದವು, ಎಲ್ಲ ಕೂಡಿ ಗೋಡೆಯವರೆಗೆ ಹಾರಿದವು. ಮುನ್ಶಿ ಸಾಬರು “ಯಾ ಅಲ್ಲಾ” ಎನ್ನುತ್ತಾ ಕೋಳಿ ಹಿಡಿಯುವವರಂತೆ ಓಡಾಡಿದರು. ಸಾಹೇಬರು ಎರಡೂ ಅಂಗೈ ಪಟ್ಟಿಯ ಮೇಲೆ ಒತ್ತಿ ಹಿಡಿದು ಕೂಗಿದರು: “ಕಲ್ಲಿಡಿ! ರೀ, ಮೊದಲು ಕಲ್ಲಿಡಿ!”

ಹೊರಗೆ ಅಪ್ಪನಿಗೆ ಇದೊಂದೂ ಕಾಣುತ್ತಿಲ್ಲ. ಎಳೆಯುತ್ತಲೇ ಇದ್ದರು. ನಾನೇ ಒಳಗೆ ನುಗ್ಗಿ ಕಿಟಕಿಯ ಕಲ್ಲು ತಂದು ಸಾಹೇಬರ ಪಟ್ಟಿಯ ಮೂಲೆಗೆ ಇಟ್ಟೆ. ಅವರ ಕೈ ಬಿಡುವಾಯಿತು. ಪೆನ್ನು ತೆಗೆದುಕೊಂಡು ಖಾಲಿ ಮನೆಯಲ್ಲಿ ಎರಡು ಅಕ್ಷರ ಬರೆದರು. ಓದಲು ಬರುತ್ತಿದ್ದವಳು ನಾನು. ಬೇಕು ಎಂದಿತ್ತು.

ಅಪ್ಪನ ಭುಜ ವಾಸಿಯಾಯಿತೆಂದು ಹೇಳಿದರೆ ಸುಳ್ಳಾದೀತು. ಉಪ್ಪಿನ ಗಂಟು ಭಾಲ್ಕಿಗೆ ಕರೆಂಟು ಬರುವವರೆಗೂ ನಡೆಯಿತು. ಸಾಹೇಬರು ದಿನಾ ಮಧ್ಯಾಹ್ನ ಒಂದು ತಾಸು ಕಿಟಕಿ ತೆರೆಸಿ, ಹಗ್ಗ ಕಟ್ಟಿಬಿಡು ಎನ್ನುತ್ತಿದ್ದರು. ಅಷ್ಟು ಹೊತ್ತು ಅವರೂ ಬೆವರುತ್ತಿದ್ದರು. ನಾವು ಸಂತಪುರಕ್ಕೆ ಹೋಗಲಿಲ್ಲ. ನಾನು ಸಾಲೆ ಬಿಡಲಿಲ್ಲ. ಬಿಟ್ಟಿದ್ದರೆ ಈ ಪ್ರಬಂಧದ ಉಪದ್ರವ ನಿಮಗೆ ಇರುತ್ತಿರಲಿಲ್ಲ.

ಸುಕನ್ಯಾ ಝಾಲರಿನ ಪಟ್ಟಿಯನ್ನು ಮೂರು ಮಡಿಕೆಗೆ ಸರಿಯಾಗಿ ಮಡಿಸಿ ರೇಡಿಯೋ ಮೇಲೆ ಹಾಸಿದಳು. ಅಷ್ಟರಲ್ಲಿ ಕರೆಂಟು ಬಂತು. ಫ್ಯಾನು ಗುಡುಗುಡು ಎಂದು ತಿರುಗಿ ವೇಗ ಹಿಡಿಯಿತು. ಅವಳು ಗಾಬರಿಯಿಂದ ಎರಡೂ ಅಂಗೈ ಚಾಚಿ ಹಾಳೆಗಳ ಮೇಲೆ ಬಿದ್ದಳು. ಆಮೇಲೆ ನಿಧಾನಕ್ಕೆ ಕೈ ತೆಗೆದಳು. ಹಾಳೆಗಳ ಅಂಚು ಪಟಪಟ ಅಂದಿತು; ಪಾವು, ಚಟಾಕು, ಬೆಲ್ಲದ ಉಂಡೆ ತಮ್ಮ ತಮ್ಮ ಜಾಗದಲ್ಲಿದ್ದವು. ಒಂದೂ ಹಾರಲಿಲ್ಲ.